ಕರ್ನಲ್ ನವೀಕರಣ ಮತ್ತು ಆಪ್ಟಿಕಲ್ ಡ್ರೈವ್ ವೈಫಲ್ಯ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಸಿಡಿ, ಡಿವಿಡಿ ಅಥವಾ ಬ್ಲೂ-ರೇ ಡ್ರೈವ್ ಕೆಲಸ ನಿಲ್ಲಿಸುವ, ಅರೆಬರೆ ಕೆಲಸ ಮಾಡುವ, ಇಲ್ಲವೇ ಪೂರ್ತಿ ಕಣ್ಮರೆಯಾಗುವ ತೊಂದರೆ. ನಿನ್ನೆ ಸಲೀಸಾಗಿ ಓದುತ್ತಿದ್ದ ಡಿಸ್ಕ್ ಇಂದು ತೆರೆದುಕೊಳ್ಳುವುದಿಲ್ಲ. ಓದಿದರೂ ಬರೆಯಲು ಬಿಡುವುದಿಲ್ಲ. ಗುಂಡಿ ಒತ್ತಿದರೆ ಟ್ರೇ ಹೊರಗೆ ಬರುವುದಿಲ್ಲ. ಡ್ರೈವ್ ಕೆಟ್ಟಿತೆಂದು ಬಳಕೆದಾರ ತೀರ್ಮಾನಿಸುತ್ತಾನೆ, ರಿಪೇರಿ ಅಂಗಡಿಯವನು ಲೆನ್ಸ್ ಹೋಗಿದೆ ಎನ್ನುತ್ತಾನೆ, ಹೊಸ ಡ್ರೈವ್ ಬರುತ್ತದೆ, ಅದೂ ಓಡುವುದಿಲ್ಲ. ಏಕೆಂದರೆ ಇಂಥ ಪ್ರಕರಣಗಳಲ್ಲಿ ಹೆಚ್ಚಿನವುಗಳಲ್ಲಿ ಡ್ರೈವ್ ಕೆಟ್ಟಿರುವುದಿಲ್ಲ. ಡ್ರೈವ್‌ಗೂ ಕರ್ನಲ್‌ಗೂ ನಡುವೆ ಇದ್ದ ಮಾತುಕತೆ ಮುರಿದಿರುತ್ತದೆ. ಡ್ರೈವ್ ನಿಜಕ್ಕೂ ಸತ್ತುಹೋದ ಒಂದು ಪ್ರಸಿದ್ಧ ಪ್ರಕರಣವಿದೆ. ಅದನ್ನು ಮುಂದೆ ವಿವರವಾಗಿ ನೋಡಲಾಗಿದೆ.

ಆದೇಶ ಹೋಗುವ ದಾರಿ

ಹಾರ್ಡ್ ಡಿಸ್ಕ್‌ಗಿಂತ ಆಪ್ಟಿಕಲ್ ಡ್ರೈವ್ ಈ ತೊಂದರೆಗೆ ಹೆಚ್ಚು ಈಡಾಗಲು ಅದರ ಹುಟ್ಟಿನಲ್ಲೇ ಕಾರಣವಿದೆ. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಮಾರುಕಟ್ಟೆಗೆ ತಂದ ಸಿಡಿ ಮೂಲತಃ ಸಂಗೀತದ ತಟ್ಟೆ. ಅದನ್ನು ಕಂಪ್ಯೂಟರಿಗೆ ಜೋಡಿಸಿದವರು ಮೊದಮೊದಲು ತಮಗೆ ತೋಚಿದ ದಾರಿ ಹಿಡಿದರು: ಪ್ಯಾನಸಾನಿಕ್, ಮಿಟ್ಸುಮಿ, ಸೋನಿ ಒಬ್ಬೊಬ್ಬರದೂ ಒಂದೊಂದು ಬಗೆಯ ಕಾರ್ಡು, ಒಂದೊಂದು ಬಗೆಯ ಚಾಲಕ ತಂತ್ರಾಂಶ. 1990ರ ದಶಕದ ನಡುವೆ ಬಂದ ಅಟಾಪಿ ಎಂಬ ಒಪ್ಪಂದ ಈ ಗೊಂದಲಕ್ಕೆ ಒಂದು ತೆರೆ ಎಳೆಯಿತು. ಹಾರ್ಡ್ ಡಿಸ್ಕಿನ ಅಗ್ಗದ ಐಡಿಇ ಕೇಬಲ್‌ನಲ್ಲೇ, ದುಬಾರಿ ಯಂತ್ರಗಳ ಸ್ಕಸಿ ಪದ್ಧತಿಯ ಆದೇಶಗಳನ್ನು ಪೊಟ್ಟಣ ಕಟ್ಟಿ ಕಳಿಸುವುದು ಅಟಾಪಿಯ ಉಪಾಯ. ತಂತಿ ಒಂದು ಕುಲದ್ದು, ಭಾಷೆ ಇನ್ನೊಂದು ಕುಲದ್ದು. ಆದ್ದರಿಂದ ಈ ಡ್ರೈವನ್ನು ಐಡಿಇ ಸಾಧನವೆಂದು ನೋಡಬೇಕೋ ಸ್ಕಸಿ ಸಾಧನವೆಂದು ನೋಡಬೇಕೋ ಎಂಬ ಪ್ರಶ್ನೆಗೆ ಕರ್ನಲ್ ಬರೆಯುವವರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟರು. ಪ್ರತಿಸಲ ಉತ್ತರ ಬದಲಾದಾಗಲೂ ಒಂದಷ್ಟು ಜನರ ಡ್ರೈವ್ ನಿಂತುಹೋಯಿತು.

ಹಾರ್ಡ್ ಡಿಸ್ಕಿಗೆ ಬೇಕಾದ ಆದೇಶಗಳು ಬಹುಮಟ್ಟಿಗೆ ಎರಡೇ, ಓದು ಮತ್ತು ಬರೆ. ಆಪ್ಟಿಕಲ್ ಡ್ರೈವ್‌ನದು ದೊಡ್ಡ ಸಂಸಾರ: ಟ್ರೇ ತೆರೆ, ಬೀಗ ಹಾಕು, ಡಿಸ್ಕ್ ಯಾವ ಜಾತಿಯದೆಂದು ಹೇಳು, ಲೇಸರ್ ಶಕ್ತಿ ಹೊಂದಿಸು, ಟ್ರ್ಯಾಕ್ ಮುಚ್ಚು, ಹಾಡನ್ನು ಅಂಕಿಗಳಾಗಿ ಕೊಡು, ಇತ್ಯಾದಿ. ಬರೆಯುವ ತಂತ್ರಾಂಶಗಳು ಇವುಗಳಲ್ಲಿ ಅನೇಕ ಆದೇಶಗಳನ್ನು ಕರ್ನಲ್‌ನ ಕೈಗೆ ಕೊಡದೆ ನೇರವಾಗಿ ಡ್ರೈವ್‌ಗೇ ಕಳಿಸುತ್ತವೆ. ಕರ್ನಲ್ ಅಲ್ಲಿ ಬರೀ ಅಂಚೆಯವನು. ಅಂಚೆಯವನು ಕಾಗದ ಒಡೆದು ನೋಡಲು ಶುರುಮಾಡಿದ ದಿನ ಏನಾಯಿತೆಂಬುದು 2004ರ ಕಥೆ.

ಡಾಸ್ ಮತ್ತು ವಿಂಡೋಸ್

ಇಂಥ ವೈಫಲ್ಯಗಳ ದಾಖಲೆ ಹೆಚ್ಚು ಸಿಗುವುದು ಲಿನಕ್ಸ್‌ನಲ್ಲಾದರೂ ಈ ಪೀಡೆ ಅದರದು ಮಾತ್ರವಲ್ಲ. ಎಮ್ಎಸ್-ಡಾಸ್ ಕಾಲದಲ್ಲಿ ಸಿಡಿ ಓದಲು ಕಾನ್ಫಿಗ್ ಕಡತದಲ್ಲಿ ಒಂದು ಚಾಲಕ, ಅದರ ಮೇಲೆ ಎಮ್ಎಸ್‌ಸಿಡೆಕ್ಸ್ ಎಂಬ ತಂತ್ರಾಂಶ ಬೇಕಿತ್ತು. ಹಳೆಯ ಎಮ್ಎಸ್‌ಸಿಡೆಕ್ಸ್‌ನ ಮೇಲೆ ಹೊಸ ಡಾಸ್ ಹಾಕಿದರೆ ಡಾಸ್ ಆವೃತ್ತಿ ಸರಿಯಿಲ್ಲವೆಂದು ಅದು ಮುಷ್ಕರ ಹೂಡುತ್ತಿತ್ತು. ಅದಕ್ಕೆ ಸೆಟ್‌ವರ್ ಎಂಬ ಆದೇಶದಿಂದ ಹಳೆಯ ಸಂಖ್ಯೆಯನ್ನು ಹೇಳಿ ಸುಮ್ಮನಾಗಿಸಬೇಕಿತ್ತು. ಸುಳ್ಳು ಹೇಳಿ ಕೆಲಸ ಮಾಡಿಸುವ ಈ ಸೌಲಭ್ಯವನ್ನು ಮೈಕ್ರೋಸಾಫ್ಟ್ ತಾನೇ ಡಾಸ್‌ನ ಜೊತೆ ಕೊಟ್ಟಿತ್ತೆಂಬುದು ಗಮನಾರ್ಹ.

ವಿಂಡೋಸ್‌ನ ಎನ್‌ಟಿ ವಂಶದಲ್ಲಿ, ಅಂದರೆ ವಿಂಡೋಸ್ 2000, ಎಕ್ಸ್‌ಪಿ, ವಿಸ್ಟಾ, 7, 8, 10ರಲ್ಲಿ, ತೊಂದರೆಯ ಮೂಲ ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಗುತ್ತದೆ. ಇಲ್ಲಿ ಡ್ರೈವ್‌ನ ಮುಖ್ಯ ಚಾಲಕದ ಮೇಲೊಂದು ಕೆಳಗೊಂದು ಎಂಬಂತೆ ಹೊರಗಿನ ತಂತ್ರಾಂಶಗಳು ತಮ್ಮ ಶೋಧಕ ಚಾಲಕಗಳನ್ನು ಸೇರಿಸಬಹುದು. ಡಿಸ್ಕ್ ಬರೆಯುವ ತಂತ್ರಾಂಶ, ಹಾಡು ನಕಲು ಮಾಡುವ ತಂತ್ರಾಂಶ, ನಕಲಿ ಡ್ರೈವ್ ಸೃಷ್ಟಿಸುವ ತಂತ್ರಾಂಶ, ಎಲ್ಲವೂ ಹೀಗೆ ಸಾಲಿಗೆ ಸೇರುತ್ತವೆ. ಅವುಗಳ ಹೆಸರು ರಿಜಿಸ್ಟ್ರಿಯಲ್ಲಿ ಸಿಡಿ ಡ್ರೈವ್‌ಗಳ ವರ್ಗದ ಅಡಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ಪಟ್ಟಿಗಳಲ್ಲಿರುತ್ತದೆ. ಸಿಸ್ಟಮ್ ಮೇಲ್ದರ್ಜೆಗೆ ಏರಿದಾಗ ಪಟ್ಟಿಯಲ್ಲಿ ಹೆಸರು ಉಳಿದು, ಆ ಹೆಸರಿನ ಚಾಲಕ ಹೊಸ ಕರ್ನಲ್‌ನಲ್ಲಿ ಓಡದಿದ್ದರೆ, ಇಡೀ ಸಾಲೇ ನಿಲ್ಲುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪಕ್ಕ ಹಳದಿ ಚಿಹ್ನೆ, ತೆರೆದರೆ 19, 31, 32, 39 ಅಥವಾ 41ನೇ ಸಂಖ್ಯೆಯ ದೋಷ. ಎರಡೂ ಪಟ್ಟಿಗಳನ್ನು ಅಳಿಸಿ ಯಂತ್ರವನ್ನು ಮತ್ತೆ ಶುರುಮಾಡುವುದು ಮೈಕ್ರೋಸಾಫ್ಟ್ ಹೇಳಿದ ಪರಿಹಾರ. ಡ್ರೈವ್ ಮರಳಿ ಬರುತ್ತದೆ. ಪಟ್ಟಿಗೆ ಸೇರಿದ್ದ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ. ವಿಂಡೋಸ್ 8.1 ಮತ್ತು 10ಕ್ಕೆ ಏರಿದ ಕೆಲವು ಯಂತ್ರಗಳಲ್ಲಿ ಇದರಿಂದಲೂ ಗುಣ ಕಾಣದೆ, ಅಟಾಪಿ ಸೇವೆಯ ಅಡಿಯಲ್ಲಿ ಕಂಟ್ರೋಲರ್0 ಎಂಬ ಉಪಕೀಲಿ ಮಾಡಿ, ಅದರಲ್ಲಿ ಎನಮ್‌ಡಿವೈಸ್1 ಎಂಬುದಕ್ಕೆ 1 ಎಂಬ ಬೆಲೆ ಕೊಡಬೇಕಾಯಿತು.

ಈ ಶೋಧಕಗಳ ಸಾಲು ಎಷ್ಟು ದುರ್ಬಲವೆಂದು ಜಗತ್ತಿಗೆ ತಿಳಿದದ್ದು ಕರ್ನಲ್ ನವೀಕರಣದಿಂದಲ್ಲ, ಒಂದು ಹಾಡಿನ ಸಿಡಿಯಿಂದ. 2005ರ ಅಕ್ಟೋಬರ್ 31ರಂದು ಮಾರ್ಕ್ ರಸಿನೋವಿಚ್ ಎಂಬ ವಿಂಡೋಸ್ ತಜ್ಞ, ಸೋನಿ ಬಿಎಂಜಿಯ ಸಂಗೀತದ ಸಿಡಿಯೊಂದು ತನ್ನ ಯಂತ್ರದಲ್ಲಿ ಅಡಗುವ ತಂತ್ರಾಂಶವನ್ನು ಹಾಕಿರುವುದನ್ನು ಬಯಲಿಗೆ ತಂದರು. ನಕಲು ತಡೆಯಲೆಂದು ಅದು ಸಿಡಿ ಡ್ರೈವ್‌ನ ಸಾಲಿಗೆ ತನ್ನ ಶೋಧಕವನ್ನು ಸೇರಿಸಿತ್ತು. ಅವರು ಆ ಕಡತಗಳನ್ನು ಅಳಿಸಿದಾಗ ಸಿಡಿ ಡ್ರೈವೇ ಕಣ್ಮರೆಯಾಯಿತು. ರಿಜಿಸ್ಟ್ರಿಯಿಂದ ಅದರ ಹೆಸರನ್ನು ಕಿತ್ತುಹಾಕಿದ ಮೇಲಷ್ಟೇ ಡ್ರೈವ್ ಮರಳಿತು. ಕರ್ನಲ್ ಬದಲಾದಾಗ ಆಗುವ ತೊಂದರೆಯ ಯಥಾಪ್ರತಿ ಇದು.

ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನೊಂದು ಮೆಲ್ಲನೆಯ ಕಾಯಿಲೆಯಿತ್ತು. ಡ್ರೈವ್‌ನಿಂದ ಮಾಹಿತಿ ತರುವಾಗ ಆರು ಸಲ ದೋಷ ಬಂದರೆ ಸಿಸ್ಟಮ್ ಡಿಎಮ್ಎ ಎಂಬ ವೇಗದ ವಿಧಾನ ಬಿಟ್ಟು ಪಿಐಒ ಎಂಬ ನಿಧಾನದ ವಿಧಾನಕ್ಕೆ ಇಳಿಯುತ್ತಿತ್ತು. ಗೀರು ಬಿದ್ದ ಒಂದು ಡಿಸ್ಕ್ ಸಾಕು ಇಳಿಸಲು, ಮತ್ತೆ ಏರಿಸುವ ವ್ಯವಸ್ಥೆ ತಾನಾಗಿ ಇರಲಿಲ್ಲ. ಪಿಐಒನ ನಾಲ್ಕನೇ ಮಟ್ಟದ ಗರಿಷ್ಠ ವೇಗ ಸೆಕೆಂಡಿಗೆ 16.6 ಮೆಗಾಬೈಟ್. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ 1,385 ಕಿಲೋಬೈಟ್. 16ಎಕ್ಸ್ ವೇಗಕ್ಕೆ ಸುಮಾರು 22 ಮೆಗಾಬೈಟ್ ಬೇಕು. ಹೊಸ 16ಎಕ್ಸ್ ರೈಟರ್ ತಂದು ಜೋಡಿಸಿದರೂ ಪೂರ್ತಿ ವೇಗ ಸಿಗದಿದ್ದುದು ಈ ಲೆಕ್ಕದಿಂದಲೇ; ಸಿನಿಮಾ ತಡೆತಡೆದು ಓಡಲು ಕಾರಣ ಪಿಐಒ ವಿಧಾನ ಪ್ರೊಸೆಸರ್ ಮೇಲೆ ಹೇರುತ್ತಿದ್ದ ಹೊರೆ. ಐಡಿಇ ಚಾನೆಲ್ ಅನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಅಳಿಸಿ ಮರುಸ್ಥಾಪಿಸಿದರೆ ವೇಗ ಹಿಂದಿರುಗುತ್ತಿತ್ತು.

ಬೇಕೆಂದೇ ಮಾಡಿದ ವೈಫಲ್ಯವೂ ಉಂಟು. 2000ದ ಆಸುಪಾಸಿನ ಅನೇಕ ಆಟಗಳ ಸಿಡಿಗಳು ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಪದ್ಧತಿ ಬಳಸುತ್ತಿದ್ದವು. ಅದಕ್ಕೆ ಸೆಕ್‌ಡಿಆರ್‌ವಿ ಎಂಬ ಕರ್ನಲ್ ಮಟ್ಟದ ಚಾಲಕ ಬೇಕು. ಅದರಲ್ಲಿನ ಭದ್ರತಾ ಲೋಪಗಳಿಂದಾಗಿ ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಅದನ್ನು ಬಿಟ್ಟುಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನ ಭದ್ರತಾ ನವೀಕರಣ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ನಿಲ್ಲಿಸಿತು. ಡ್ರೈವ್ ಡಿಸ್ಕನ್ನು ಓದುತ್ತದೆ, ಕಡತಗಳು ಕಾಣುತ್ತವೆ, ಆಟ ಮಾತ್ರ ಅಸಲಿ ಡಿಸ್ಕ್ ಹಾಕಿ ಎನ್ನುತ್ತದೆ. ದುಡ್ಡು ಕೊಟ್ಟು ಅಸಲಿ ಸಿಡಿ ಕೊಂಡವನೇ ಇಲ್ಲಿ ಸೋತವನು.

ಲಿನಕ್ಸ್ 2.4ರಿಂದ 2.6ಕ್ಕೆ

ಈ ವಿಷಯದ ಅತಿ ಸಮೃದ್ಧ ದಾಖಲೆ ಇರುವುದು ಲಿನಕ್ಸ್ ಕರ್ನಲ್‌ನಲ್ಲಿ, ಏಕೆಂದರೆ ಅಲ್ಲಿ ಪ್ರತಿ ಬದಲಾವಣೆಯೂ ಬಹಿರಂಗ. 2.4ರ ಕಾಲದಲ್ಲಿ ಐಡಿಇ ಸಿಡಿ ರೈಟರ್‌ನಲ್ಲಿ ಡಿಸ್ಕ್ ಬರೆಯಬೇಕಾದರೆ ಐಡಿಇ-ಸ್ಕಸಿ ಎಂಬ ವೇಷ ಹಾಕಿಸುವ ಘಟಕವನ್ನು ಬಳಸಬೇಕಿತ್ತು. ಯಂತ್ರ ಶುರುವಾಗುವಾಗಲೇ ಬೂಟ್ ಲೋಡರ್‌ನಲ್ಲಿ ಎಚ್‌ಡಿಸಿ ಎಂಬ ಡ್ರೈವನ್ನು ಐಡಿಇ-ಸ್ಕಸಿಗೆ ಒಪ್ಪಿಸು ಎಂದು ಒಂದು ಸಾಲು ಬರೆಯಬೇಕು. ಆಮೇಲೆ ಸಿಡಿರೆಕಾರ್ಡ್ ತಂತ್ರಾಂಶಕ್ಕೆ ಅದು 0,0,0 ಎಂಬಂಥ ಮೂರಂಕಿಯ ಸ್ಕಸಿ ವಿಳಾಸದಿಂದ ಕಾಣುತ್ತದೆ. 2003ರ ಡಿಸೆಂಬರಿನಲ್ಲಿ ಬಂದ 2.6 ಈ ವೇಷದ ಅಗತ್ಯವನ್ನೇ ತೆಗೆಯಿತು; ಡ್ರೈವ್‌ನ ಸ್ವಂತ ಹೆಸರಿನಿಂದಲೇ ಬರೆಯಬಹುದಾಯಿತು. ಸುಧಾರಣೆಯೇ ಸರಿ, ಆದರೆ ಬೂಟ್ ಲೋಡರ್‌ನ ಹಳೆಯ ಸಾಲನ್ನು ಅಳಿಸದೆ 2.6ಕ್ಕೆ ಹೋದವರಿಗೆ ಡ್ರೈವ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಯಿತು.

ಸಿಡಿರೆಕಾರ್ಡ್‌ನ ಕರ್ತೃ ಯೋರ್ಗ್ ಶಿಲ್ಲಿಂಗ್ ಈ ಬದಲಾವಣೆಯನ್ನು ಒಪ್ಪಲಿಲ್ಲ. ಮೂರಂಕಿಯ ವಿಳಾಸವೇ ಸರಿ, ಅದು ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಿಗೂ ಸಮಾನ ಎಂಬುದು ಅವರ ಪಟ್ಟು. ಬಳಕೆದಾರನಿಗೆ ಡ್ರೈವ್‌ನ ಹೆಸರು ಸಾಕು ಎಂಬುದು ಲಿನಸ್ ಟೋರ್ವಾಲ್ಡ್ಸ್ ಮತ್ತಿತರ ಕರ್ನಲ್ ಕಟ್ಟುಗರ ಪಟ್ಟು. ಈ ಜಗಳ ವರ್ಷಗಟ್ಟಲೆ ನಡೆಯಿತು. 2006ರಲ್ಲಿ ಪರವಾನಗಿಯ ವಿವಾದವೂ ಸೇರಿಕೊಂಡು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಬಳಗ ಸಿಡಿರೆಕಾರ್ಡ್‌ನ ಕವಲೊಡೆದು ವೋಡಿಮ್ ಎಂಬ ಬೇರೆ ತಂತ್ರಾಂಶ ಮಾಡಿಕೊಂಡಿತು. 2021ರಲ್ಲಿ ತೀರಿಕೊಳ್ಳುವವರೆಗೂ ಶಿಲ್ಲಿಂಗ್ ತಮ್ಮ ವಾದ ಬಿಡಲಿಲ್ಲ. ತಾಂತ್ರಿಕವಾಗಿ ಎರಡೂ ಕಡೆ ಹುರುಳಿತ್ತು. ನಡುವೆ ಹಾಳಾದದ್ದು ಬಳಕೆದಾರರ ಖಾಲಿ ಡಿಸ್ಕ್‌ಗಳು.

2004ರ ಆಗಸ್ಟಿನಲ್ಲಿ ಬಂದ 2.6.8 ಈ ಜಗಳಕ್ಕೆ ತುಪ್ಪ ಸುರಿಯಿತು. ಅದುವರೆಗೆ ಡ್ರೈವನ್ನು ಓದಲು ತೆರೆಯುವ ಹಕ್ಕಿದ್ದ ಯಾವ ಸಾಮಾನ್ಯ ಬಳಕೆದಾರನೂ ಅದಕ್ಕೆ ಬೇಕಾದ ಆದೇಶ ಕಳಿಸಬಹುದಿತ್ತು. ಡ್ರೈವ್‌ನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಳಿಸುವ ಆದೇಶವನ್ನೂ ಕಳಿಸಬಹುದಿತ್ತು. ಇದು ದೊಡ್ಡ ಭದ್ರತಾ ಲೋಪ. ಹೊಸ ಕರ್ನಲ್ ಒಂದು ಪಟ್ಟಿ ಇಟ್ಟುಕೊಂಡಿತು: ಇಷ್ಟು ಆದೇಶಗಳು ಓದಲು ತೆರೆದವನಿಗೆ, ಇಷ್ಟು ಬರೆಯಲು ತೆರೆದವನಿಗೆ, ಉಳಿದದ್ದೆಲ್ಲ ವಿಶೇಷಾಧಿಕಾರ ಇದ್ದವನಿಗೆ ಮಾತ್ರ. ಸಿಡಿ ಬರೆಯುವ ತಂತ್ರಾಂಶಗಳು ಕಳಿಸುತ್ತಿದ್ದ ಹಲವು ಆದೇಶಗಳು ಈ ಬಲೆಗೆ ಸಿಕ್ಕಿದವು. ಸಿಡಿರೆಕಾರ್ಡ್ ರೂಟ್ ಅಧಿಕಾರದಿಂದ ಶುರುವಾಗಿ ಡ್ರೈವ್ ತೆರೆದ ಮೇಲೆ ಸುರಕ್ಷತೆಗಾಗಿ ಅಧಿಕಾರವನ್ನು ಬಿಟ್ಟುಕೊಡುತ್ತಿತ್ತು. ಅಧಿಕಾರ ಬಿಟ್ಟ ಮೇಲೆ ಆದೇಶ ಕಳಿಸಿದರೆ ಹೊಸ ಕರ್ನಲ್ ಅನುಮತಿ ಇಲ್ಲ ಎಂದಿತು. ವಿಪರ್ಯಾಸವೆಂದರೆ ಒಂದು ಕಡೆಯ ಸುರಕ್ಷತೆಯ ಎಚ್ಚರವೇ ಇನ್ನೊಂದು ಕಡೆಯ ಎಚ್ಚರಕ್ಕೆ ಡಿಕ್ಕಿ ಹೊಡೆಯಿತು. ಕೆ3ಬಿಯಂಥ ಚಿತ್ರಮಯ ತಂತ್ರಾಂಶಗಳಲ್ಲಿ ಡಿಸ್ಕ್ ಬರೆಯುತ್ತಿದ್ದವರಿಗೆ ಇದಾವುದೂ ತಿಳಿಯದು. ನಿನ್ನೆ ಬರೆಯುತ್ತಿತ್ತು, ಇಂದು ಬರೆಯುವುದಿಲ್ಲ, ಅಷ್ಟೇ. ಮುಂದಿನ ಆವೃತ್ತಿಗಳಲ್ಲಿ ಪಟ್ಟಿಯನ್ನು ಹಿಗ್ಗಿಸಲಾಯಿತು, ತಂತ್ರಾಂಶಗಳೂ ಡ್ರೈವನ್ನು ಬರೆಯುವ ಹಕ್ಕಿನೊಡನೆ ತೆರೆಯಲು ಕಲಿತವು. 2.6.8ಕ್ಕೆ ಗ್ರಹಚಾರ ಸರಿಯಿರಲಿಲ್ಲವೆಂದೇ ಹೇಳಬೇಕು: ಅದರ ಎನ್ಎಫ್ಎಸ್ ಜಾಲ ಕಡತ ವ್ಯವಸ್ಥೆಯಲ್ಲೂ ಗಂಭೀರ ತಪ್ಪು ಸಿಕ್ಕಿ, ಕೂಡಲೇ 2.6.8.1 ಎಂಬ ನಾಲ್ಕಂಕಿಯ ಆವೃತ್ತಿಯನ್ನು ಹೊರತರಬೇಕಾಯಿತು. ಕರ್ನಲ್‌ನ ಹೆಸರಿನಲ್ಲಿ ನಾಲ್ಕನೆಯ ಅಂಕಿ ಬಂದದ್ದು ಅದೇ ಮೊದಲು.

ನಿಜಕ್ಕೂ ಸತ್ತ ಡ್ರೈವ್‌ಗಳು

2003ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಮ್ಯಾಂಡ್ರೇಕ್ ಲಿನಕ್ಸ್‌ನ 9.2ನೇ ಆವೃತ್ತಿ ಬಿಡುಗಡೆಯಾಯಿತು. ಅದನ್ನು ಹಾಕಿಕೊಳ್ಳಲು ಹೊರಟ ಕೆಲವರ ಎಲ್‌ಜಿ ಸಿಡಿ-ರಾಮ್ ಡ್ರೈವ್‌ಗಳು ಸತ್ತವು. ನಿಂತುಹೋದದ್ದಲ್ಲ, ಸತ್ತದ್ದೇ: ವಿಂಡೋಸ್‌ನಲ್ಲೂ ಕಾಣದು, ಬಯಾಸ್‌ನಲ್ಲೂ ಕಾಣದು, ಬೇರೆ ಯಂತ್ರಕ್ಕೆ ಜೋಡಿಸಿದರೂ ಉಸಿರಿಲ್ಲ. ತಂತ್ರಾಂಶ ಯಂತ್ರಾಂಶವನ್ನು ಕೊಲ್ಲಲಾರದು ಎಂದು ನಂಬಿದ್ದ ಕಾಲವದು, ಹಾಗಾಗಿ ಮೊದಲು ಯಾರೂ ನಂಬಲಿಲ್ಲ. ದೂರುಗಳ ರಾಶಿ ಬೆಳೆದ ಮೇಲೆ ಹುಡುಕಾಟ ಶುರುವಾಯಿತು.

ಕಾರಣ ಹೀಗಿತ್ತು. ಮ್ಯಾಂಡ್ರೇಕ್‌ನವರು ತಮ್ಮ ಕರ್ನಲ್‌ಗೆ ಪ್ಯಾಕೆಟ್ ರೈಟಿಂಗ್ ಎಂಬ ಹೊಸ ಸೌಲಭ್ಯವನ್ನು ಸೇರಿಸಿದ್ದರು. ಮತ್ತೆ ಬರೆಯಬಹುದಾದ ಸಿಡಿಯನ್ನು ಫ್ಲಾಪಿಯಂತೆ ಬಳಸಿ, ಕಡತಗಳನ್ನು ಒಂದೊಂದಾಗಿ ಎಳೆದು ಹಾಕಲು ಇದು ಅನುಕೂಲ. ಈ ಸೌಲಭ್ಯದ ಅಂಗವಾಗಿ ಕರ್ನಲ್ ಡ್ರೈವ್‌ಗೆ ಫ್ಲಶ್ ಕ್ಯಾಶ್ ಎಂಬ ಆದೇಶ ಕಳಿಸುತ್ತಿತ್ತು. ನಿನ್ನ ತಾತ್ಕಾಲಿಕ ನೆನಪಿನಲ್ಲಿ ಬರೆಯದೆ ಉಳಿದದ್ದೇನಾದರೂ ಇದ್ದರೆ ಡಿಸ್ಕಿಗೆ ಬರೆದುಬಿಡು ಎಂದು ಅದರ ಅರ್ಥ. ಓದಲು ಮಾತ್ರ ಬರುವ ಡ್ರೈವ್‌ಗೆ ಈ ಆದೇಶ ಅನ್ವಯಿಸುವುದಿಲ್ಲ. ತನಗೆ ಗೊತ್ತಿಲ್ಲವೆಂದು ದೋಷಸಂಕೇತ ಕಳಿಸಿ ಅದು ಸುಮ್ಮನಿರಬೇಕು. ಆದರೆ ಎಲ್‌ಜಿಯ ಆ ಮಾದರಿಗಳ ಫರ್ಮ್‌ವೇರ್ ಬರೆದವರು, ಹೇಗೂ ಓದುವ ಡ್ರೈವ್‌ಗೆ ಈ ಆದೇಶ ಬೇಡವಲ್ಲ ಎಂದುಕೊಂಡು, ಅದನ್ನೇ ಫರ್ಮ್‌ವೇರ್ ಬದಲಿಸುವ ಗುಪ್ತ ಆದೇಶವಾಗಿ ಬಳಸಿಕೊಂಡಿದ್ದರು. ಹೊಸ ಕರ್ನಲ್ ನಿರಪಾಯವೆಂದು ಭಾವಿಸಿ ಕಳಿಸಿದ ಆದೇಶ ಡ್ರೈವ್‌ನ ಒಳಗಿನ ಫರ್ಮ್‌ವೇರ್‌ಗೇ ಕೈಹಾಕಿತು.

ತೊಂದರೆಗೆ ಸಿಕ್ಕಿದ್ದು ಓದುವ ಸಿಡಿ-ರಾಮ್‌ಗಳು ಮಾತ್ರ. ಬರೆಯುವ ಡ್ರೈವ್‌ಗಳಿಗೆ ಆ ಆದೇಶ ನಿಜವಾದ ಅರ್ಥದಲ್ಲೇ ಬೇಕಾದ್ದರಿಂದ ಅವು ಉಳಿದವು. ಮ್ಯಾಂಡ್ರೇಕ್ ತನ್ನ ಕರ್ನಲ್ ತಿದ್ದಿತು. ಎಲ್‌ಜಿ ಸರಿಯಾದ ಫರ್ಮ್‌ವೇರ್ ಕೊಟ್ಟಿತು. ಸತ್ತ ಡ್ರೈವ್‌ಗಳಲ್ಲಿ ಹಲವನ್ನು ಅದರಿಂದ ಬದುಕಿಸಲು ಸಾಧ್ಯವಾಯಿತು. ತಪ್ಪು ಯಾರದೆಂಬ ಚರ್ಚೆಯಲ್ಲಿ ಕರ್ನಲ್‌ನವರ ವಾದಕ್ಕೇ ತೂಕ ಹೆಚ್ಚು. ಪ್ರಮಾಣೀಕೃತ ಆದೇಶವೊಂದಕ್ಕೆ ತನ್ನದೇ ಅರ್ಥ ಕಟ್ಟಿ, ಅದಕ್ಕೆ ಯಾವ ಕಾವಲೂ ಇಡದೆ ಲಕ್ಷಾಂತರ ಯಂತ್ರಗಳಿಗೆ ಕಳಿಸಿದ್ದು ಡ್ರೈವ್ ತಯಾರಕರ ಹೊಣೆಗೇಡಿತನ. ಆದರೆ ಮುಖ್ಯ ಕರ್ನಲ್‌ಗೆ ಇನ್ನೂ ಸೇರದಿದ್ದ ಸೌಲಭ್ಯವನ್ನು, ಬೇಕೋ ಬೇಡವೋ ಕೇಳದೆ ಎಲ್ಲರ ಅನುಸ್ಥಾಪನಾ ಡಿಸ್ಕಿನಲ್ಲೂ ಇಟ್ಟ ಮ್ಯಾಂಡ್ರೇಕ್‌ನ ಆತುರವನ್ನೂ ಮನ್ನಿಸಲಾಗದು. ಹತ್ತು ತಿಂಗಳ ಬಳಿಕ ಬಂದ 2.6.8ರ ಬಿಗಿ ಪಟ್ಟಿಯನ್ನು ಬೈದವರು ಈ ಘಟನೆಯನ್ನು ಮರೆತಿದ್ದರು.

ಹೆಸರು ಬದಲಾದ ಡ್ರೈವ್

ಐಡಿಇ ಹೋಗಿ ಸಾಟಾ ಎಂಬ ಹೊಸ ಬಗೆಯ ಜೋಡಣೆ ಬರುತ್ತಿದ್ದಂತೆ ಲಿನಕ್ಸ್‌ನಲ್ಲಿ ಲಿಬ್‌ಅಟಾ ಎಂಬ ಹೊಸ ಚಾಲಕ ವರ್ಗ ಬೆಳೆಯಿತು. ಅದರ ಆರಂಭದ ಆವೃತ್ತಿಗಳಲ್ಲಿ ಅಟಾಪಿ ಬೆಂಬಲ ಇನ್ನೂ ಹದಕ್ಕೆ ಬಂದಿರಲಿಲ್ಲವಾಗಿ ಅದನ್ನು ಮುಚ್ಚಿಡಲಾಗಿತ್ತು. ಸಾಟಾ ಡಿವಿಡಿ ಕೊಂಡವರು ಬೂಟ್ ಸಾಲಿನಲ್ಲಿ ಅದನ್ನು ತೆರೆಯುವ ಸೂಚನೆ ಬರೆಯದಿದ್ದರೆ ಡ್ರೈವ್ ಇದೆಯೆಂದೇ ತಿಳಿಯುತ್ತಿರಲಿಲ್ಲ. ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಚಿಪ್‌ಸೆಟ್ ಸಾಟಾ ಹಾರ್ಡ್ ಡಿಸ್ಕನ್ನೂ ಐಡಿಇ ಡಿವಿಡಿಯನ್ನೂ ಒಂದೇ ಬಾಗಿಲಿನಲ್ಲಿ ತೋರಿಸುತ್ತಿತ್ತು. ಹಳೆಯ ಐಡಿಇ ಚಾಲಕವೋ ಹೊಸ ಲಿಬ್‌ಅಟಾವೋ, ಮೊದಲು ಬಂದವನು ಬಾಗಿಲು ಹಿಡಿಯುತ್ತಿದ್ದ. ಸೋತವನ ಪಾಲಿನ ಡ್ರೈವ್ ಕಾಣೆಯಾಗುತ್ತಿತ್ತು, ಇಲ್ಲವೇ ಡಿಎಮ್ಎ ಇಲ್ಲದೆ ಕುಂಟುತ್ತಿತ್ತು.

2007ರ ಮೇ ತಿಂಗಳಲ್ಲಿ ಬಂದ ಫೆಡೋರಾ 7 ಎಂಬ ಲಿನಕ್ಸ್ ವಿತರಣೆ ಹಳೆಯ ಐಡಿಇ ಡ್ರೈವ್‌ಗಳನ್ನೂ ಲಿಬ್‌ಅಟಾಗೆ ಒಪ್ಪಿಸಿತು. ಅದರೊಂದಿಗೆ ಎಚ್‌ಡಿಸಿ ಎಂದಿದ್ದ ಡ್ರೈವ್ ಎಸ್‌ಆರ್0 ಆಯಿತು. ಡ್ರೈವ್ ಅಲ್ಲೇ ಇದೆ, ಕೇಬಲ್ ಅದೇ, ಹೆಸರು ಮಾತ್ರ ಬೇರೆ; ಆದರೆ ಕಡತ ವ್ಯವಸ್ಥೆಗಳ ಪಟ್ಟಿಯಲ್ಲಿ, ಹಾಡು ಕೇಳಿಸುವ ತಂತ್ರಾಂಶದಲ್ಲಿ, ಬಳಕೆದಾರ ಬರೆದುಕೊಂಡ ಪುಟ್ಟ ಲಿಪಿಗಳಲ್ಲಿ ಹಳೆಯ ಹೆಸರೇ ಉಳಿದಿತ್ತು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದೇ ಸಂಕಟ 2012ರಲ್ಲಿ 9.0ರೊಂದಿಗೆ ಬಂತು: ಎಸಿಡಿ0 ಎಂಬುದು ಸಿಡಿ0 ಆಯಿತು, ಹಳೆಯ ಹೆಸರನ್ನೇ ನಂಬಿದ್ದ ಬರ್ನ್‌ಸಿಡಿ ತಂತ್ರಾಂಶ ನಿರುಪಯುಕ್ತವಾಯಿತು. ಲಿನಕ್ಸ್‌ನ ಹಳೆಯ ಐಡಿಇ ಚಾಲಕವನ್ನು 2021ರಲ್ಲಿ 5.14ನೇ ಆವೃತ್ತಿಯಲ್ಲಿ ಪೂರ್ತಿ ತೆಗೆಯಲಾಯಿತು. ಅದಕ್ಕೂ ಮೊದಲೇ, 2007ರಲ್ಲಿ, ಪ್ಯಾನಸಾನಿಕ್-ಮಿಟ್ಸುಮಿ ಕಾಲದ ಖಾಸಗಿ ಕಾರ್ಡುಗಳ ಚಾಲಕಗಳು ಹೊರಹೋಗಿದ್ದವು. ಅವುಗಳಿಗಾಗಿ ಅತ್ತವರು ಬಹಳ ಇರಲಿಲ್ಲ.

ಗುಂಡಿ ಒತ್ತಿದರೂ ಬಾರದ ಟ್ರೇ

ಡಿಸ್ಕ್ ಹಾಕಿದ ಕೂಡಲೇ ಪರದೆಯ ಮೇಲೆ ಚಿತ್ರ ಮೂಡಬೇಕೆಂಬ ಆಸೆಯಿಂದ ಇನ್ನೊಂದು ಸರಣಿಯ ತೊಂದರೆಗಳು ಹುಟ್ಟಿದವು. ಡಿಸ್ಕ್ ಬಂದಿದೆ ಎಂದು ತಾನಾಗಿ ಕೂಗಿ ಹೇಳುವ ಶಕ್ತಿ ಹೆಚ್ಚಿನ ಡ್ರೈವ್‌ಗಳಿಗೆ ಇರಲಿಲ್ಲ; ಯಾರಾದರೂ ಪದೇ ಪದೇ ಕೇಳುತ್ತಿರಬೇಕು. ಮೊದಲು ಎಚ್‌ಎಎಲ್ ಎಂಬ ಹಿನ್ನೆಲೆ ತಂತ್ರಾಂಶ ಎರಡು ಸೆಕೆಂಡಿಗೊಮ್ಮೆ ಡ್ರೈವನ್ನು ಮಾತಾಡಿಸುತ್ತಿತ್ತು. ಡಿಸ್ಕ್ ಬರೆಯುತ್ತಿರುವಾಗಲೂ ಅದು ಬಾಯಿ ಹಾಕಿದರೆ ಬರೆಹ ಕೆಡುತ್ತಿತ್ತು. ಬರೆಯುವವನು ಡ್ರೈವನ್ನು ತನ್ನೊಬ್ಬನಿಗೇ ಎಂದು ತೆರೆದುಕೊಳ್ಳುವ ಪದ್ಧತಿ ಬಂದದ್ದು ಇದರಿಂದ. 2011ರ 2.6.38ರಲ್ಲಿ ಈ ಕೇಳುವ ಕೆಲಸವನ್ನು ಕರ್ನಲ್ ತಾನೇ ವಹಿಸಿಕೊಂಡಿತು.

ಅದರ ಬೆನ್ನಲ್ಲೇ ಬಂದ ವ್ಯವಸ್ಥೆಯಲ್ಲಿ ಡಿಸ್ಕ್ ಒಳಗಿರುವಾಗ ಟ್ರೇಗೆ ಬೀಗ ಬೀಳುತ್ತದೆ. ಬಳಕೆದಾರ ಗುಂಡಿ ಒತ್ತಿದರೆ ಡ್ರೈವ್ ತಾನಾಗಿ ಬಾಯಿ ತೆರೆಯದೆ, ತೆರೆಯಬೇಕೆಂಬ ಕೋರಿಕೆ ಬಂದಿದೆ ಎಂದು ಕರ್ನಲ್‌ಗೆ ಹೇಳುತ್ತದೆ. ಕರ್ನಲ್ ಅದನ್ನು ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಎಂಬ ತಂತ್ರಾಂಶಕ್ಕೆ ತಿಳಿಸುತ್ತದೆ. ಯೂಡೆವ್‌ನ ಸಿಡಿರಾಮ್‌ಐಡಿ ಎಂಬ ಸಹಾಯಕ ಬೀಗ ತೆಗೆದು ಡಿಸ್ಕ್ ಹೊರಗೆ ಕಳಿಸುತ್ತಾನೆ. ಈ ಸರಪಳಿಯಲ್ಲಿ ಒಂದು ಕೊಂಡಿ ಹೊಸದಾಗಿ ಇನ್ನೊಂದು ಹಳೆಯದಾಗಿ ಉಳಿದರೆ ಗುಂಡಿ ಸತ್ತಂತೆ. ಕೆಲವರಿಗೆ ಇದರ ವಿರುದ್ಧದ ಅನುಭವ: ಟ್ರೇ ಹೊರಗೆ ಬಂದು, ಡಿಸ್ಕ್ ಎತ್ತಿಕೊಳ್ಳುವ ಮೊದಲೇ ಒಳಗೆ ಸರಿಯುತ್ತದೆ. ಯಾವುದೋ ತಂತ್ರಾಂಶ ಡ್ರೈವನ್ನು ತೆರೆದು ನೋಡಿದಾಗ ಟ್ರೇ ಮುಚ್ಚಿಕೊಳ್ಳಲಿ ಎಂಬ ಆಟೋಕ್ಲೋಸ್ ಸೂಚನೆ ಅದರ ಹಿಂದಿದೆ. ಲಿನಕ್ಸ್‌ನಲ್ಲಿ ಪ್ರಾಕ್ ಕಡತ ವ್ಯವಸ್ಥೆಯ ಸಿಡಿರಾಮ್ ವಿಭಾಗದಲ್ಲಿ ಲಾಕ್, ಆಟೋಕ್ಲೋಸ್ ಎಂಬ ಎರಡು ಪುಟ್ಟ ಕಡತಗಳಿವೆ. ಅವುಗಳಲ್ಲಿ 1 ಇರುವಲ್ಲಿ 0 ಬರೆದರೆ ಹಲವು ಸಲ ಈ ಕಾಟಗಳು ನಿಲ್ಲುತ್ತವೆ. ಯಂತ್ರವನ್ನು ಮತ್ತೆ ಶುರುಮಾಡಿದಾಗ ಅವು ಹಳೆಯ ಬೆಲೆಗೇ ಮರಳುವುದರಿಂದ ಶಾಶ್ವತ ಸೆಟ್ಟಿಂಗ್ ಬೇರೆ ಮಾಡಬೇಕು.

ಭಾರತದಲ್ಲಿ

ಇಲ್ಲಿ ಈ ವೈಫಲ್ಯಗಳ ಪೆಟ್ಟು ಒಂದು ಕೈ ಹೆಚ್ಚೇ ಇತ್ತು. 2000ದ ದಶಕದಲ್ಲಿ ಬೆಂಗಳೂರನ್ನು ಬಿಟ್ಟರೆ ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ಫೋನ್ ತಂತಿಯ ನಿಧಾನದ ಇಂಟರ್ನೆಟ್‌ನಿಂದ 700 ಮೆಗಾಬೈಟಿನ ಡಿಸ್ಕ್ ಇಳಿಸಿಕೊಳ್ಳುವುದು ಕನಸಿನ ಮಾತು. ಲಿನಕ್ಸ್ ಬರುತ್ತಿದ್ದುದು ಲಿನಕ್ಸ್ ಫಾರ್ ಯು ಮಾಸಪತ್ರಿಕೆಯ ಜೊತೆಗಿನ ಸಿಡಿಯಲ್ಲಿ, ಗೆಳೆಯರು ಬರೆದುಕೊಟ್ಟ ಡಿಸ್ಕ್‌ಗಳಲ್ಲಿ, ಅಥವಾ 2005ರಿಂದ 2011ರವರೆಗೆ ಉಬುಂಟು ಶಿಪ್‌ಇಟ್ ಯೋಜನೆಯಡಿ ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ ಲಕೋಟೆಗಳಲ್ಲಿ. ಹೊಸ ಕರ್ನಲ್ ಬಂದದ್ದೂ ಸಿಡಿ ಡ್ರೈವ್‌ನಿಂದಲೇ, ಹೊಸ ಕರ್ನಲ್ ಕೆಡಿಸಿದ್ದೂ ಅದೇ ಡ್ರೈವನ್ನು, ಪರಿಹಾರ ಬರಬೇಕಾದದ್ದೂ ಅದೇ ದಾರಿಯಲ್ಲಿ. ತಿದ್ದಿದ ಆವೃತ್ತಿ ಇಂಟರ್ನೆಟ್‌ನಲ್ಲಿ ಮಾರನೆಯ ದಿನವೇ ಸಿಗುತ್ತಿದ್ದರೂ ಅದು ಕೈಗೆ ಬರಲು ಮುಂದಿನ ತಿಂಗಳ ಪತ್ರಿಕೆಗೆ ಕಾಯಬೇಕಾಗುತ್ತಿತ್ತು.

ಪತ್ತೆ ಹಚ್ಚುವ ಬಗೆ

ಕರ್ನಲ್‌ನದೋ ಡ್ರೈವ್‌ನದೋ ಎಂದು ತಿಳಿಯಲು ಸುಲಭದ ಪರೀಕ್ಷೆ, ಬೂಟ್ ಆಗುವ ಒಂದು ಡಿಸ್ಕ್ ಹಾಕಿ ಯಂತ್ರವನ್ನು ಅದರಿಂದಲೇ ಶುರುಮಾಡುವುದು. 1995ರ ಎಲ್ ಟೊರಿಟೊ ಒಪ್ಪಂದದಂತೆ ಆ ಹಂತದಲ್ಲಿ ಡಿಸ್ಕ್ ಓದುವುದು ಬಯಾಸ್. ಹಾರ್ಡ್ ಡಿಸ್ಕಿನಲ್ಲಿರುವ ಕರ್ನಲ್‌ಗೆ ಅಲ್ಲಿ ಪಾತ್ರವೇ ಇಲ್ಲ. ಡಿಸ್ಕ್ ಬೂಟ್ ಆದರೆ ಲೇಸರ್, ಮೋಟಾರ್, ಕೇಬಲ್ ಎಲ್ಲ ಬದುಕಿವೆಯೆಂದು ಅರ್ಥ. ಎರಡನೆಯ ಪರೀಕ್ಷೆ, ಗ್ರಬ್ ಎಂಬ ಬೂಟ್ ಲೋಡರ್‌ನ ಪಟ್ಟಿಯಿಂದ ಹಿಂದಿನ ಕರ್ನಲ್ ಆರಿಸಿ ನೋಡುವುದು. ಹಳೆಯದರಲ್ಲಿ ಓಡಿ ಹೊಸದರಲ್ಲಿ ಓಡದಿದ್ದರೆ ಸಂಶಯಕ್ಕೆ ಜಾಗವಿಲ್ಲ.

ಸಿಡಿ ಓದಿ ಡಿವಿಡಿ ಓದದಿದ್ದರೆ, ಅಥವಾ ಅದರ ತಿರುಗುಮುರುಗಾದರೆ, ಮೊದಲು ಡ್ರೈವ್ ಮೇಲೇ ಅನುಮಾನ ಪಡಬೇಕು. ಸಿಡಿಗೆ 780 ನ್ಯಾನೋಮೀಟರಿನ, ಡಿವಿಡಿಗೆ 650ರ, ಬ್ಲೂ-ರೇಗೆ 405ರ ಬೆಳಕು. ಮೂರಕ್ಕೂ ಬೇರೆ ಬೇರೆ ಲೇಸರ್, ಒಂದು ಸವೆದು ಇನ್ನೊಂದು ಉಳಿಯುವುದು ಸಾಮಾನ್ಯ. ಆದರೆ ಇಲ್ಲೂ ಒಂದು ಮೋಸವಿದೆ. ದತ್ತಾಂಶದ ಸಿಡಿಗಳು ಐಎಸ್ಒ 9660 ಪದ್ಧತಿಯಲ್ಲಿ, ಅನೇಕ ಡಿವಿಡಿಗಳು ಯುಡಿಎಫ್ ಪದ್ಧತಿಯಲ್ಲಿ ಇರುತ್ತವೆ. ಇವೆರಡೂ ಕರ್ನಲ್‌ನ ಬೇರೆ ಬೇರೆ ಘಟಕಗಳು. ಆರ್ಚ್‌ನಂಥ ವಿತರಣೆಗಳಲ್ಲಿ ಕರ್ನಲ್ ಏರಿಸಿದ ಕೂಡಲೇ ಹಳೆಯ ಘಟಕಗಳ ಕೋಶ ಅಳಿದುಹೋಗುತ್ತದೆ, ಓಡುತ್ತಿರುವುದು ಮಾತ್ರ ಇನ್ನೂ ಹಳೆಯ ಕರ್ನಲ್. ಆಗ ಡಿಸ್ಕ್ ಹಾಕಿದರೆ ಗೊತ್ತಿಲ್ಲದ ಕಡತ ವ್ಯವಸ್ಥೆ ಎಂಬ ಸಂದೇಶ ಬರುತ್ತದೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದರೆ ಮುಗಿಯಿತು. ಇದಕ್ಕಾಗಿ ಸ್ಕ್ರೂಡ್ರೈವರ್ ಹಿಡಿದವರೂ ಇದ್ದಾರೆ. ಬ್ಲೂ-ರೇ ಪರಿವರ್ತಿಸುವ ಮೇಕ್‌ಎಮ್‌ಕೆವಿಗೆ ಡ್ರೈವ್ ಕಾಣದಿದ್ದರೆ ಎಸ್‌ಜಿ ಎಂಬ ಘಟಕ ತಾನಾಗಿ ಏರಿಲ್ಲವೆಂದು ತಿಳಿದು ಅದನ್ನು ಕೈಯಾರೆ ಏರಿಸಬೇಕು.

ಕರ್ನಲ್‌ನ ಸಂದೇಶಗಳ ದಾಖಲೆಯಲ್ಲಿ ಡ್ರೈವ್‌ನ ತಯಾರಕ, ಮಾದರಿ, ಎಸ್‌ಆರ್0 ಎಂಬ ಹೆಸರು ಮತ್ತು ಅದರ ವೇಗ ಮೂಡಿದ್ದರೆ ಕರ್ನಲ್ ಅದನ್ನು ಗುರುತಿಸಿದೆ; ತೊಂದರೆ ಮೇಲಿನ ಹಂತದ ತಂತ್ರಾಂಶದಲ್ಲಿದೆ. ತಯಾರಕರ ಹೆಸರು ಬಂದು ಎಸ್‌ಆರ್0 ಬಾರದಿದ್ದರೆ ಸಿಡಿಯ ಚಾಲಕ ಘಟಕ ಏರಿಲ್ಲ. ಏನೂ ಬಾರದಿದ್ದರೆ ಕೇಬಲ್, ವಿದ್ಯುತ್, ಬಯಾಸ್ ಕಡೆ ನೋಡಬೇಕು. ಯುಎಸ್‌ಬಿಯ ತೆಳು ಡ್ರೈವ್‌ಗಳಲ್ಲಿ ಒಂದು ಪೋರ್ಟಿನ 500 ಮಿಲಿಆಂಪಿಯರ್ ಸಾಲದೆ ಬರೆಯುವಾಗ ಕೈಕೊಡುವುದುಂಟು. ಅದನ್ನು ನವೀಕರಣದ ತಲೆಗೆ ಕಟ್ಟಬಾರದು.

ಕರ್ನಲ್‌ನದೇ ತಪ್ಪೆಂದು ಖಚಿತವಾದರೆ ಗಿಟ್ ಬೈಸೆಕ್ಟ್ ಎಂಬ ಅರ್ಧಿಸುವ ವಿಧಾನದಿಂದ ಯಾವ ಬದಲಾವಣೆ ಕಾರಣವೆಂದು ಹುಡುಕಬಹುದು. ಎರಡು ಆವೃತ್ತಿಗಳ ನಡುವೆ 10,000 ಬದಲಾವಣೆಗಳಿದ್ದರೂ 14 ಸಲ ಕಟ್ಟಿ ಪರೀಕ್ಷಿಸಿದರೆ ತಪ್ಪಿತಸ್ಥ ಸಿಗುತ್ತಾನೆ. ತಾಳ್ಮೆ ಬೇಕು, ನಿಧಾನದ ಯಂತ್ರದಲ್ಲಿ ಒಂದೊಂದು ಕಟ್ಟುವಿಕೆಗೂ ಗಂಟೆಗಳು ಹಿಡಿಯುತ್ತವೆ.

ಇಂದಿನ ಸ್ಥಿತಿ

ಲ್ಯಾಪ್‌ಟಾಪ್‌ಗಳಿಂದ ಡ್ರೈವ್ ಬಹುತೇಕ ಮಾಯವಾಗಿದೆ. ಲಿನಕ್ಸ್‌ನ ಸಿಡಿ ಚಾಲಕ ಇಂದಿಗೂ ತನ್ನನ್ನು 3.20ನೇ ಪರಿಷ್ಕರಣೆ ಎಂದು ಹೇಳಿಕೊಳ್ಳುತ್ತದೆ. ಆ ಸಂಖ್ಯೆಯ ತಾರೀಖು 2003ರ ಡಿಸೆಂಬರ್ 17. ದೀರ್ಘಕಾಲ ಅದನ್ನು ನೋಡಿಕೊಂಡ ಯೆನ್ಸ್ ಆಕ್ಸ್‌ಬೋ 2021ರಲ್ಲಿ ಹೊಣೆಯನ್ನು ಫಿಲಿಪ್ ಪಾಟರ್ ಅವರಿಗೆ ಬಿಟ್ಟುಕೊಟ್ಟರು. ಬಳಸುವವರು ಕಡಿಮೆಯಾದಷ್ಟೂ ಪರೀಕ್ಷಿಸುವವರು ಕಡಿಮೆ, ಹಾಗಾಗಿ ಯಾವುದೋ ಬೇರೆ ಕೆಲಸಕ್ಕೆ ಮಾಡಿದ ಬದಲಾವಣೆ ಸಿಡಿಯನ್ನು ಕೆಡಿಸಿದರೆ ಅದು ಬೆಳಕಿಗೆ ಬರಲು ಈಗ ತಿಂಗಳುಗಳೇ ಬೇಕಾಗಬಹುದು.

ಎಲ್‌ಜಿ ಡ್ರೈವ್‌ಗಳನ್ನು ಕೊಂದ ಪ್ಯಾಕೆಟ್ ರೈಟಿಂಗ್ 2004ರ ಕೊನೆಗೆ 2.6.10ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿತ್ತು. 2016ರಲ್ಲಿ ಅದಕ್ಕೆ ಹಳತೆಂಬ ಮುದ್ರೆ ಬಿತ್ತು. 2022ರ ಡಿಸೆಂಬರಿನಲ್ಲಿ 6.2ರ ತಯಾರಿಯಲ್ಲಿ ಅದನ್ನು ತೆಗೆದುಹಾಕಿದಾಗ ಇನ್ನೂ ಬಳಕೆಯಲ್ಲಿದೆ ಎಂಬ ಆಕ್ಷೇಪ ಬಂತು. ಮರುತಿಂಗಳೇ ಚಾಲಕವನ್ನು ಮತ್ತೆ ಸೇರಿಸಲಾಯಿತು. ಮನೆಯಲ್ಲಿ ಮದುವೆಯ ಡಿವಿಡಿಗಳೋ ಹಳೆಯ ಹಾಡಿನ ಸಿಡಿಗಳೋ ಇದ್ದು, ನವೀಕರಣದ ಬಳಿಕ ಡ್ರೈವ್ ಕೈಕೊಟ್ಟರೆ, ಹಿಂದಿನ ಕರ್ನಲ್ ಅಳಿಸದೆ ಇಟ್ಟುಕೊಳ್ಳಿ, ಎರಡೂ ಕರ್ನಲ್‌ಗಳ ಸಂದೇಶ ದಾಖಲೆಯನ್ನು ನಿಮ್ಮ ವಿತರಣೆಯವರಿಗೆ ದೂರಿನೊಂದಿಗೆ ಕಳಿಸಿ.